ಪೆಟ್ಟಿಗೆಗೆ ಮನೆ ಹುಡುಕಿದ್ದು

ಹಜೀರಾದಲ್ಲಿರುವ ನಮಗೆ ಕಂಟೇನರ್ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಗ್ಗೆ ಹಾಲಿಗೆ ಹೊರಟರೂ ಬಂದರಿನ ಲಾರಿಗಳ ಮೇಲೆ 20 ಅಡಿಯ, 40 ಅಡಿಯ ಕಬ್ಬಿಣದ ಪೆಟ್ಟಿಗೆಗಳು ಎದುರಾಗುತ್ತವೆ. 1956ರಲ್ಲಿ ಮಾಲ್ಕಂ ಮೆಕ್‌ಲೀನ್ ಎಂಬ ಅಮೆರಿಕದ ಲಾರಿ ಮಾಲೀಕರು ಇಂಥ 58 ಪೆಟ್ಟಿಗೆಗಳನ್ನು ಹಡಗಿಗೇರಿಸಿ ನ್ಯೂವಾರ್ಕಿನಿಂದ ಹೂಸ್ಟನ್ನಿಗೆ ಕಳುಹಿಸಿದರು. ಅಂದಿನಿಂದ ಲೋಕದ ಸರಕೆಲ್ಲ ಪೆಟ್ಟಿಗೆ ಸೇರುತ್ತ ಬಂತು. 2013ರಲ್ಲಿ ಬಂದ ಡಾಕರ್ ಎಂಬುದು ಗಣಕಯಂತ್ರದ ತಂತ್ರಾಂಶವನ್ನೂ ಹಾಗೆಯೇ ಪೆಟ್ಟಿಗೆಯಲ್ಲಿ ಕಟ್ಟಿ ಎಲ್ಲಿ ಬೇಕಾದರೂ ಇಳಿಸಬಹುದೆಂದಿತು. ಆ ‘ಎಲ್ಲಿ ಬೇಕಾದರೂ’ ಎಂಬ ಮಾತನ್ನು ನಂಬಿ ನಾನು ಪಟ್ಟ ಪಾಡನ್ನು ವಾಚಕರ ಮುಂದಿಡುತ್ತಿದ್ದೇನೆ.

ನಮ್ಮ ಸಂಘದ ಹಿರಿಯಜ್ಜಿಯೊಬ್ಬರು, ಧಾರವಾಡದ ಕಡೆಯವರು, ಹಾಡಿದ ಸೋಬಾನೆ ಪದ, ಬೀಸುವ ಪದಗಳನ್ನು ನಾನು ಮುದ್ರಿಸಿಕೊಂಡಿದ್ದೆ. ಒಟ್ಟು 32. ಸೂರತ್, ವಡೋದರಾ, ಅಹಮದಾಬಾದುಗಳಲ್ಲಿ ಚದುರಿಹೋದ ನಮ್ಮವರ ಮನೆಮನೆಗೂ ಅವು ಕೇಳಿಸಲೆಂದು ಒಂದು ವರ್ಚುವಲ್ ಸರ್ವರನ್ನು ಬಾಡಿಗೆಗೆ ಹಿಡಿದೆ. ಬಾಡಿಗೆ ಎಲ್ಲಿ ಕಡಿಮೆಯೋ ಅಲ್ಲಿಗೇ ಹೋದೆ. ಸಂಘದ ಹಣ ನೋಡಿ! ಪೆಟ್ಟಿಗೆ ಇಳಿಸಹೋದರೆ ಡಾಕರ್ ಏಳಲೇ ಒಲ್ಲದು. ಎರಡು ರಾತ್ರಿ ನಿದ್ದೆಗೆಟ್ಟು, ಕೊನೆಗೆ ಬೆಂಗಳೂರಿನ ಸೋದರಳಿಯನಿಗೆ ಫೋನು ಮಾಡಿದೆ.

“ಮಾವ, ನೀವು ಹಿಡಿದಿರೋದು ವಠಾರದ ಮನೆ” ಎಂದು ನಕ್ಕ.

ಅಗ್ಗದ ಸರ್ವರುಗಳಲ್ಲಿ ಕೆಲವು ಹಾಗೆಯೇ ಅಂತೆ. ಕರ್ನೆಲ್ ಒಂದೇ; ಬಾಡಿಗೆದಾರರೆಲ್ಲ ಅದನ್ನು ಹಂಚಿಕೊಳ್ಳಬೇಕು, ಯಜಮಾನಿಕೆ ಮಾತ್ರ ಮಾಲೀಕನದು. ಡಾಕರಿಗೋ ಕರ್ನೆಲಿನೊಡನೆ ನೇರ ವ್ಯವಹಾರ. ಒಂದು ಪೆಟ್ಟಿಗೆಗೆ ಇನ್ನೊಂದು ಕಾಣದಂತೆ ಮರೆ ಕಟ್ಟುವುದು, ಯಾವುದಕ್ಕೆ ಎಷ್ಟು ಮೆಮೊರಿ ಎಂದು ಅಳೆದುಕೊಡುವುದು ಎಲ್ಲವೂ ಕರ್ನೆಲಿನ ಕೈಯಿಂದಲೇ ಆಗಬೇಕು. ಹಳೆಯ ಓಪನ್‌ವಿಝಡ್ ಸರ್ವರುಗಳ ಕರ್ನೆಲ್ 2.6.32, ಡಾಕರ್ ಕೇಳುತ್ತಿದ್ದುದು ಕನಿಷ್ಠ 3.10. ಕೆವಿಎಂ ಎಂಬ ಬಗೆಯದಾದರೆ ಕರ್ನೆಲ್ ನಮ್ಮದೇ. ಬೇರೆ ಒಲೆ, ಬೇರೆ ಬಾಗಿಲು. ದರ ಕೇಳುವ ಮುಂಚೆ ಇದನ್ನು ಕೇಳಬೇಕಿತ್ತು.

ಮುಂಬಯಿಯಲ್ಲಿ ಯಂತ್ರವಿರುವ ಕೆವಿಎಂ ಸರ್ವರ್ ಹಿಡಿದೆ. ಕೇಳುವವರೆಲ್ಲ ಗುಜರಾತಿನಲ್ಲಿರುವಾಗ ಪರದೇಶದ ಯಂತ್ರವೇಕೆ? ಮೆಮೊರಿ 1 ಜಿಬಿ ಸಾಲದೆ, ದತ್ತಾಂಶದ ಪೆಟ್ಟಿಗೆ ಆಗಾಗ ಉಸಿರು ಬಿಡುತ್ತಿತ್ತು. 2 ಜಿಬಿ ಮಾಡಿದ ಮೇಲೆ ಸರಿಹೋಯಿತು.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಅಜ್ಜಿಯ ಹಾಡುಗಳನ್ನು ನಾನು ಪೆಟ್ಟಿಗೆಯ ಒಳಗೇ ಇಟ್ಟಿದ್ದೆ. ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಹಳೆಯ ಪೆಟ್ಟಿಗೆ ತೆಗೆದು ಹೊಸದನ್ನಿಟ್ಟೆ. ಹಾಡಿನ ಪಟ್ಟಿ ಬರಿದು. ಡಾಕರಿನ ಪೆಟ್ಟಿಗೆ ಇರುವುದೇ ಎಸೆಯುವುದಕ್ಕೆ. ಉಳಿಯಬೇಕಾದ ಬದುಕನ್ನು ವಾಲ್ಯೂಮ್ ಎಂಬ ಹೊರಗಿನ ಕಣಜದಲ್ಲಿಡಬೇಕು. ಹೆಚ್ಚಿನ ದುಡ್ಡೆಂದು ಬ್ಯಾಕಪ್ ಬೇಡವೆಂದವನೂ ನಾನೇ. ಫೋನಿನಲ್ಲಿದ್ದ ಮೂಲವನ್ನು, ಜಾಗ ಸಾಲದೆಂದು, ಅಳಿಸಿಬಿಟ್ಟಿದ್ದೆ. ಅಜ್ಜಿ ಹಿಂದಿನ ಶ್ರಾವಣದಲ್ಲಿ ತೀರಿಕೊಂಡರು.

ವಡೋದರಾದ ಮೊಮ್ಮಗನ ಹತ್ತಿರ 11 ಹಾಡು ಸಿಕ್ಕವು. ಒಂದು ಮಾತೂ ಆಡದೆ ಕಳುಹಿಸಿಕೊಟ್ಟ. ಬೈದಿದ್ದರೇ ಚೆನ್ನಾಗಿತ್ತು. ಈಗ ಅವು ಕಣಜದಲ್ಲಿವೆ, ಬ್ಯಾಕಪ್ಪಿನಲ್ಲಿವೆ, ಮನೆಯ ಡಿಸ್ಕಿನಲ್ಲೂ ಒಂದು ಪ್ರತಿ ಇದೆ. ಉಳಿದ 21ರಲ್ಲಿ ಯಾವುದಾದರೂ ಒಂದು ನಿಮ್ಮ ಫೋನಿನಲ್ಲಿದ್ದರೆ, ದಯಮಾಡಿ ಸಂಪಾದಕರಿಗೆ ಕಳುಹಿಸಿ.