ಕಣದಾಗ ಗಳಿಸಿದ ಹೆಸರು

ಕಾಲೇಜಿನಲ್ಲಿದ್ದಾಗ ನಮ್ಮದೊಂದು ಹಾಡಿನ ತಂಡ ಇತ್ತು. ಯುವಜನೋತ್ಸವದ ಸಮೂಹಗಾನಕ್ಕೆ ಹೆಚ್ಚೆಂದರೆ ಆರು ಹಾಡುಗಾರರು, ಮೂವರು ವಾದ್ಯದವರು, ಹತ್ತು ನಿಮಿಷ ಅಂತ ನಿಯಮ. ನಾವು ಆರು ಜನ ಸೇರಿದೆವು, ಆದರೆ ತಬಲಾ-ಹಾರ್ಮೋನಿಯಂನವರು ಸಿಗಲೇ ಇಲ್ಲ. ಬರೀ ಬಾಯಲ್ಲೇ ಹಾಡಿದೆವು. ಎರಡನೇ ಬಹುಮಾನ ಬಂತು, ಫೋಟೋ ತೆಗೆಸಿಕೊಂಡೆವು. ಆಮೇಲೆ? ಯಾರೂ, ಎಲ್ಲಿಗೂ, ನಮ್ಮನ್ನು ಹಾಡಲಿಕ್ಕೆ ಕರೆಯಲಿಲ್ಲ!

ಈ ಸಲ ಊರಿಗೆ ಹೋದಾಗ ಕಾಕಾನ ಮುಂದೆ ಇದನ್ನೆಲ್ಲ ಹೇಳಿಕೊಂಡೆ. ರೋಣದ ಹತ್ತಿರದ ನಮ್ಮೂರಲ್ಲಿ ಕಾಕಾ ಹಂತಿ ಪದದ ಮುಂದಾಳು ಆಗಿದ್ದವರು.

"ನೀವು ಹಾಡೂ ಹೊತ್ತಿನ್ಯಾಗ ಜನ ಏನ್ ಮಾಡ್ತಿದ್ರೋ ತಮ್ಮಾ?"

"ಕುಂತು ಕೇಳ್ತಿದ್ರು ಕಾಕಾ."

"ಅಷ್ಟ? ಹಂಗಾರ ಮುಗದಿಂದ ಎದ್ದು ಹೋಗಿರ್ತಾರ ಬಿಡು."

ಹಂತಿ ನೋಡದವರಿಗೆ ಒಂದು ಮಾತು. ಜೋಳದ ತೆನೆ ಕಣದಲ್ಲಿ ಹರವಿ, ನಡುವೆ ಮೇಟಿ ನೆಟ್ಟು, ಸಾಲಾಗಿ ಕಟ್ಟಿದ ಎತ್ತುಗಳನ್ನು ಸುತ್ತಲೂ ತುಳಿಸುವುದು. ರಾತ್ರಿಯೆಲ್ಲ ನಡೆಯುವ ಕೆಲಸ. ಎತ್ತಿನ ಹಿಂದೆ ನಡೆಯುತ್ತಲೇ ಒಬ್ಬ ಹಾಡಬೇಕು, ಉಳಿದವರು ಎತ್ತಿಕೊಳ್ಳಬೇಕು. ಕೈಯಲ್ಲಿ ಬಾರುಕೋಲು ಇರುವಾಗ ವಾದ್ಯ ಹಿಡಿಯುವುದೆಲ್ಲಿ? ಎತ್ತಿನ ಹೆಜ್ಜೆಯೇ ತಾಳ. ಕೇಳುವವರೂ ಕೆಲಸದವರೇ, ಸೊಲ್ಲು ಎತ್ತಿಕೊಳ್ಳುವವರೂ ಅವರೇ. ಪದ ನಿಂತರೆ ನಿದ್ದೆ ಬರುತ್ತದೆ, ನಿದ್ದೆ ಬಂದರೆ ಕೆಲಸ ನಿಲ್ಲುತ್ತದೆ.

1922ರಲ್ಲಿ ಭೀಮಸೇನ ಜೋಶಿಯವರು ಹುಟ್ಟಿದ್ದು ನಮ್ಮ ರೋಣದಲ್ಲೇ. ಅವರ ಹೆಸರು ರೇಡಿಯೋ, ರೆಕಾರ್ಡು ಏರಿ ದೇಶ ಸುತ್ತಿತು. ಕಾಕಾನ ಮೇಳದ ಹೆಸರು ಕಾಲ್ನಡಿಗೆಯಲ್ಲಿ ಹೋಗುತ್ತಿತ್ತು. ಬೇರೆ ಊರಿಂದ ಕೂಲಿಗೆ ಬಂದವನು ಗಜೇಂದ್ರಗಡದ ಸಂತೆಯಲ್ಲಿ ಹೇಳುತ್ತಿದ್ದ, "ಬೆಳ್ಳಿ ಚುಕ್ಕಿ ಮೂಡೂತನಕ ಹಾಡಿದ್ರು, ಹಾಡಿದ್ದನ್ನ ಮತ್ತ ಹಾಡಲಿಲ್ಲ!" ಮುಂದಿನ ಸುಗ್ಗಿಗೆ ನರಗುಂದದ ಎರೆ ಹೊಲದವರಿಂದ ಕರೆ ಬರುತ್ತಿತ್ತು.

ಆ ಹೆಸರು ಕೆಟ್ಟಿದ್ದು ಹೇಗೆ ಅಂತ ಕಾಕಾ ಇದೇ ಮೊದಲ ಸಲ ಹೇಳಿದರು. ಒಂದು ವರ್ಷ ಊರ ಬಡವರೊಬ್ಬರ ಕಣಕ್ಕೆ ಬರ್ತೀವಿ ಅಂತ ಮಾತು ಕೊಟ್ಟಿದ್ದರು. ಅದೇ ರಾತ್ರಿ ದೊಡ್ಡ ಕಮತದವರು ಹೋಳಿಗೆ ಊಟಕ್ಕೆ ಕರೆದರು. ಅಲ್ಲಿಗೆ ಹೋದರು. ಆ ಗಂಡ ಹೆಂಡತಿ ಇಬ್ಬರೇ ರಾತ್ರಿಯೆಲ್ಲ ಮಾತಿಲ್ಲದೆ ಎತ್ತು ಹೊಡೆದರಂತೆ. ಆ ಸುದ್ದಿಯೂ ಸಂತೆಗೆ ಹೋಯಿತು. ಮರು ವರ್ಷ ನರಗುಂದದ ಕಡೆಯಿಂದ ಯಾರೂ ಬರಲಿಲ್ಲ.

"ದನಿ ಕೆಟ್ರ ಜನ ಸೈರಿಸ್ತಾರ. ಮಾತು ಕೆಟ್ರ ಇಲ್ಲ" ಅಂದರು. ನಾನು ಸುಮ್ಮನಿದ್ದೆ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ವಿಫೆನ್‌ಪೂಫ್ಸ್ ಅಂತ ಒಂದು ತಂಡ ಇದೆ, ವಾದ್ಯವಿಲ್ಲದೆ ಹಾಡುವವರು. 1909ರಲ್ಲಿ ಕೆಲವು ಹುಡುಗರು ಮೋರೀಸ್ ಎಂಬ ಪಾನಗೃಹದಲ್ಲಿ ವಾರವಾರ ಸೇರಿ ಹಾಡುತ್ತಾ ಅದು ಶುರುವಾಯಿತು. ಇಂದು ಜಗತ್ತು ಸುತ್ತುತ್ತಾರೆ. ಅದನ್ನು ಓದಿದಾಗ ಕಾಕಾನೇ ನೆನಪಾದರು. ಹೇಳಿದ ದಿನ, ಹೇಳಿದ ಜಾಗಕ್ಕೆ ಹೋಗಿ ಹಾಡುವುದು. ನಾವು ಆರು ಜನ ಬಹುಮಾನದ ಮರುದಿನ ಒಮ್ಮೆಯೂ ಒಟ್ಟಿಗೆ ಕೂತು ಹಾಡಲಿಲ್ಲವಲ್ಲ... ಕರೆಯಲಿಲ್ಲ ಅಂತ ಯಾರನ್ನು ದೂರುವುದು?

ಈಗ ರಾಶಿ ಮಾಡುವುದು ಯಂತ್ರ. ಆ ಸದ್ದಿನಲ್ಲಿ ಯಾವ ಪದವೂ ಕೇಳಿಸದು. ಕಾಕಾನ ಮೇಳದವರಲ್ಲಿ ಉಳಿದವರು ಕಾಕಾ ಒಬ್ಬರೇ. ಹಾಡ್ರಿ ಅಂದರೆ "ಎತ್ತಿಕೊಳ್ಳಾವ್ರು ಯಾರದಾರ?" ಅಂತಾರೆ.

ಅವತ್ತು ರಾತ್ರಿ ಕಟ್ಟೆಯ ಮೇಲೆ ನಾನೇ ಎತ್ತಿಕೊಂಡೆ. ಎರಡು ಸಲ ತಪ್ಪಿದೆ. ಮೂರನೇ ಸಲ ಕಾಕಾ ತಲೆ ಆಡಿಸಿದರು.

"ಯುಗಾದಿಗೂ ಬರ್ತೀನಿ ಕಾಕಾ" ಅಂದೆ.

"ಬರೂದಿದ್ರ ಹೇಳು" ಅಂದರು.