ಬಚ್ಚಿಟ್ಟ ಡಬ್ಬಿ, ಬಯಲಿನ ಕಲ್ಲು

ಬೆಂಗಳೂರಿನಿಂದ ಹಾಸನದ ಕಡೆಗೆ ಹೊರಟ ಪ್ರವಾಸಿಗೆ ಚನ್ನರಾಯಪಟ್ಟಣವೆಂದರೆ ಬಹುಮಟ್ಟಿಗೆ ಒಂದು ಲೋಟ ಕಾಫಿಯ ಊರು. ಹಿರೀಸಾವೆಯನ್ನು ದಾಟಿ, ತೆಂಗಿನ ತೋಟಗಳ ನಡುವೆ ಸಾಗಿಬಂದ ಬಸ್ಸು ಇಲ್ಲಿ ಕೊಂಚ ಹೊತ್ತು ನಿಲ್ಲುತ್ತದೆ. ಪ್ರವಾಸಿ ಇಳಿದು ಕಾಫಿ ಕುಡಿಯುತ್ತಾನೆ. ಸುಮಾರು ೧೨ ಕಿಲೋಮೀಟರ್ ದೂರದ ಶ್ರವಣಬೆಳಗೊಳಕ್ಕೆ ಹೋಗುವ ಬಸ್ಸು ಯಾವುದೆಂದು ವಿಚಾರಿಸುತ್ತಾನೆ. ಬಳಿಕ ಊರಿಗೆ ಬೆನ್ನು ತಿರುಗಿಸುತ್ತಾನೆ. ೨೦೧೭ರಲ್ಲಿ ತೆರೆದ ಬೆಂಗಳೂರು–ಹಾಸನ ರೈಲುಮಾರ್ಗದಲ್ಲಿ ಬರುವವನಿಗಂತೂ ಆ ಕಾಫಿಯ ಬಿಡುವೂ ಇಲ್ಲ. ಈ ಊರಿಗೆ ಹಿಂದೆ ಕೊಳತೂರು ಎಂಬ ಹೆಸರಿತ್ತು, ಚನ್ನರಾಯಸ್ವಾಮಿಯ ದೇವಾಲಯದಿಂದ ಈಗಿನ ಹೆಸರು ಬಂದಿತು ಎಂಬುದನ್ನು ಅವನಿಗೆ ಹೇಳುವವರು ಯಾರು?

ಒಂದು ಹೆಸರಿನ ಕೆಳಗೆ ಇನ್ನೊಂದು ಹೆಸರು ಅಡಗಿರುವಂತೆ, ಕಣ್ಣಿಗೆ ಬೀಳುವ ನೆಲದಲ್ಲಿ ಕಣ್ಣಿಗೆ ಬೀಳದ ಎಷ್ಟೋ ವಸ್ತುಗಳು ಅಡಗಿರುತ್ತವೆ. ಹಾಗೆ ಅಡಗಿದ್ದನ್ನು ಹುಡುಕುವುದನ್ನೇ ಹವ್ಯಾಸವನ್ನಾಗಿ ಮಾಡಿಕೊಂಡವರು ಇಂದು ಲೋಕದಲ್ಲಿ ಲಕ್ಷಗಟ್ಟಲೆ ಇದ್ದಾರೆ. ಆ ಹವ್ಯಾಸಕ್ಕೆ ಜಿಯೋಕ್ಯಾಚಿಂಗ್ ಎಂದು ಹೆಸರು. ಒಬ್ಬನು ಒಂದು ಡಬ್ಬಿಯನ್ನು ಎಲ್ಲಿಯಾದರೂ ಬಚ್ಚಿಟ್ಟು, ಆ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸುತ್ತಾನೆ. ಮತ್ತೊಬ್ಬನು ಆ ಅಂಕಿಗಳ ಜಾಡು ಹಿಡಿದು ಹೋಗಿ, ಡಬ್ಬಿಯನ್ನು ಪತ್ತೆಮಾಡಿ, ಒಳಗಿರುವ ಪುಟ್ಟ ಪುಸ್ತಕದಲ್ಲಿ ತನ್ನ ಹೆಸರು ಬರೆದು, ಇದ್ದಲ್ಲಿಯೇ ಇಟ್ಟು ಬರುತ್ತಾನೆ. ಹಣವಿಲ್ಲ, ಪದಕವಿಲ್ಲ. ‘ನಾನೂ ಕಂಡೆ’ ಎಂಬ ಒಂದು ಸಾಲೇ ಬಹುಮಾನ.

ಈ ಆಟ ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ಸೇನೆ ನೆಲೆಗೊಳಿಸಿದ ಉಪಗ್ರಹಗಳು ಭೂಮಿಯ ಮೇಲಿನ ಯಾವುದೇ ಸ್ಥಳವನ್ನು ತೋರಿಸಬಲ್ಲವಾಗಿದ್ದರೂ, ಸಾಮಾನ್ಯ ಜನರಿಗೆ ದೊರೆಯುವ ಸಂಕೇತದಲ್ಲಿ ಬೇಕೆಂದೇ ಸುಮಾರು ನೂರು ಮೀಟರಿನ ತಪ್ಪನ್ನು ಬೆರೆಸಲಾಗುತ್ತಿತ್ತು. ೨೦೦೦ನೆಯ ಇಸವಿ ಮೇ ೨ರಂದು ಅಲ್ಲಿನ ಸರಕಾರ ಆ ತಪ್ಪನ್ನು ತೆಗೆದುಹಾಕಿತು. ಮರುದಿನವೇ ಡೇವ್ ಉಲ್ಮರ್ ಎಂಬಾತ ಆರಿಗನ್ ಸಂಸ್ಥಾನದ ಬೀವರ್‌ಕ್ರೀಕ್ ಎಂಬಲ್ಲಿ, ಕಾಡಿನಂಚಿನಲ್ಲಿ ಒಂದು ಪ್ಲಾಸ್ಟಿಕ್ ಬಕೀಟನ್ನು ಅರ್ಧ ಹೂತಿಟ್ಟು, ಅದರ ಅಂಕಿಗಳನ್ನು ಲೋಕಕ್ಕೆ ಸಾರಿದ. ಒಳಗಿದ್ದ ಐಶ್ವರ್ಯವಾದರೂ ಏನು? ಕೆಲವು ಪುಸ್ತಕಗಳು, ಒಂದು ಕವಣೆ, ಬೀನ್ಸ್ ಕಾಳಿನ ಒಂದು ಡಬ್ಬ! ಮೂರು ದಿನ ಕಳೆಯುವುದರೊಳಗೆ ಮೈಕ್ ಟೀಗ್ ಎಂಬವನು ಅದನ್ನು ಹುಡುಕಿಯೇಬಿಟ್ಟ. ಅಂದು ಆ ಒಂದೇ ಬಕೀಟು. ಇಂದು ಮೂವತ್ತು ಲಕ್ಷಕ್ಕೂ ಹೆಚ್ಚು ಡಬ್ಬಿಗಳು.

ಅಂಕಿಗಳ ಮಹಿಮೆಯನ್ನು ಚನ್ನರಾಯಪಟ್ಟಣದ ಉದಾಹರಣೆಯಿಂದಲೇ ತಿಳಿಯಬಹುದು. ಈ ಊರು ಉತ್ತರ ಅಕ್ಷಾಂಶ ಸುಮಾರು ೧೨ ಡಿಗ್ರಿ ೫೪ ಮಿನಿಟು, ಪೂರ್ವ ರೇಖಾಂಶ ಸುಮಾರು ೭೬ ಡಿಗ್ರಿ ೨೩ ಮಿನಿಟಿನಲ್ಲಿದೆ. ಅಕ್ಷಾಂಶದ ಒಂದು ಮಿನಿಟೆಂದರೆ ನೆಲದ ಮೇಲೆ ೧.೮೫ ಕಿಲೋಮೀಟರ್, ಇಷ್ಟು ಹೇಳಿದರೆ ಪೇಟೆಯೂ ಕೆರೆಯೂ ಒಂದೇ ಅಂಕಿಯಲ್ಲಿ ಅಡಗಿಬಿಡುತ್ತವೆ. ಮಿನಿಟನ್ನು ಸಾವಿರ ಭಾಗ ಮಾಡಿ ಹೇಳಿದರೆ, ಒಂದೊಂದು ಭಾಗವೂ ಎರಡು ಮೀಟರಿಗಿಂತ ಕಡಿಮೆ. ಆಗ ಕೆರೆಯ ಏರಿಯ ಮೇಲಿನ ಇಂಥದೇ ಮರ ಎನ್ನಬಹುದು. ಕೈಯಲ್ಲಿರುವ ಮೊಬೈಲು ಬಯಲಿನಲ್ಲಿ ಕೆಲವೇ ಮೀಟರುಗಳ ಅಂತರಕ್ಕೆ ಒಯ್ದು ನಿಲ್ಲಿಸುತ್ತದೆ. ಹಾಸನ ಜಿಲ್ಲೆಯವರಿಗೆ ಈ ವಿದ್ಯೆ ದೂರದ್ದೇನಲ್ಲ. ಹಾಸನದಲ್ಲಿಯೇ ೧೯೮೨ರಿಂದ ಉಪಗ್ರಹಗಳ ಪ್ರಧಾನ ನಿಯಂತ್ರಣ ಕೇಂದ್ರವಿದೆ. ಸ್ಥಳನಿರ್ದೇಶನಕ್ಕೆಂದು ಭಾರತವು ೨೦೧೩ರಿಂದ ೨೦೧೬ರೊಳಗೆ ಹಾರಿಸಿದ ಏಳು ಉಪಗ್ರಹಗಳ ಮೇಲ್ವಿಚಾರಣೆಗೂ ಆ ಕೇಂದ್ರದ ನೆರವು ದೊರೆಯಿತು.

ಆದರೆ ಕೊನೆಯ ಆ ಕೆಲವು ಮೀಟರುಗಳನ್ನು ಉಪಗ್ರಹ ನಡೆಸಿಕೊಡಲಾರದು. ಅಲ್ಲಿಂದ ಮುಂದೆ ಕಣ್ಣೇ ಗತಿ. ಹವ್ಯಾಸದ ರುಚಿಯೆಲ್ಲ ಇರುವುದೂ ಅಲ್ಲಿಯೇ.

ಪರಿಚಯದ ಬಾಗಿಲುಗಳು

ಪುಸ್ತಕ ಓದಿ ಈ ಹವ್ಯಾಸಕ್ಕೆ ಇಳಿದವರು ವಿರಳ. ಸಾಮಾನ್ಯವಾಗಿ ಇದರ ಪರಿಚಯ ಮೂರು ಬಾಗಿಲುಗಳಿಂದ ಆಗುತ್ತದೆ. ಮೊದಲನೆಯದು ನೆಂಟರ ಮನೆಯ ಬಾಗಿಲು. ಪರದೇಶದಲ್ಲಿ ನೆಲಸಿದ ಮಗನ ಮನೆಗೆ ಹೋದ ತಂದೆತಾಯಿಗಳು ಭಾನುವಾರ ಉದ್ಯಾನವನದಲ್ಲಿ ಕುಳಿತಿದ್ದಾಗ, ಮೊಮ್ಮಗಳು ಬೆಂಚಿನ ಅಡಿಯಲ್ಲಿ ಕೈಯಾಡಿಸತೊಡಗುತ್ತಾಳೆ. “ಅಲ್ಲಿ ಏನಮ್ಮಾ?” ಎಂದರೆ, “ಶ್! ಮೆಲ್ಲಗೆ ತಾತಾ, ಯಾರಾದರೂ ನೋಡಿಯಾರು” ಎಂಬ ಉತ್ತರ. ಎರಡನೆಯದು ಸ್ನೇಹದ ಬಾಗಿಲು: ರಜೆಯ ದಿನ ‘ಸುಮ್ಮನೆ ಒಂದು ಸುತ್ತು ಹೋಗಿಬರೋಣ’ ಎಂದು ಕರೆದೊಯ್ದ ಗೆಳೆಯ, ದಾರಿಯ ನಡುವೆ ಗೋಡೆಯ ಸಂದಿಯಿಂದ ಡಬ್ಬಿ ತೆಗೆದು ತೋರಿಸುತ್ತಾನೆ. ಮೂರನೆಯದು ಆಕಸ್ಮಿಕ. ಯಾರೋ ದಣಿವಾರಿಸಿಕೊಳ್ಳಲು ಕುಳಿತ ಕಡೆ ಕಲ್ಲಿನ ಮರೆಯಲ್ಲಿ ಡಬ್ಬಿಯೊಂದು ಕಾಣುತ್ತದೆ. ತೆರೆದರೆ, ‘ಇದೊಂದು ಆಟ, ದಯವಿಟ್ಟು ಇದ್ದಲ್ಲಿಯೇ ಇಡಿ’ ಎಂಬ ಅರ್ಥದ ಚೀಟಿ.

ಬಾಗಿಲು ಯಾವುದಾದರೂ ಆಗಲಿ, ಮೊದಲ ಅನುಭವ ಎಲ್ಲರಿಗೂ ಬಹುತೇಕ ಒಂದೇ ಬಗೆಯದು. ಹೊಸಬನು ಡಬ್ಬಿಯಿರುವ ಸ್ಥಳವನ್ನು ಮೂರು ಸಲ ದಾಟಿ ಹೋಗುತ್ತಾನೆ. ಮೊಬೈಲಿನ ಮೇಲೆ ಸಿಟ್ಟಾಗುತ್ತಾನೆ. ಕೊನೆಗೆ ಅದನ್ನು ಜೇಬಿಗೆ ಹಾಕಿ ಸುತ್ತ ನೋಡಿದಾಗ, ಒಂದು ಕಲ್ಲು ಮಾತ್ರ ಉಳಿದ ಕಲ್ಲುಗಳಂತೆ ಕುಳಿತಿಲ್ಲವೆಂಬುದು ಹೊಳೆಯುತ್ತದೆ. ಡಬ್ಬಿ ಸಿಕ್ಕುತ್ತದೆ. ಸಿಕ್ಕಿದ್ದು ಮೂರು ಕಾಸಿನ ವಸ್ತು. ಆದರೆ ನೋಟವೇ ಬದಲಾಗಿಬಿಡುತ್ತದೆ. ಮರುದಿನ ಕಚೇರಿಗೆ ಹೋಗುವ ಹಳೆಯ ಹಾದಿಯಲ್ಲೂ, ಮರದ ಪೊಟರೆ, ಸೇತುವೆಯ ಮೂಲೆ, ಮೈಲಿಗಲ್ಲಿನ ಹಿಂಬದಿ ಅವನನ್ನು ಕರೆಯತೊಡಗುತ್ತವೆ. ಪರಿಚಯವಾಯಿತೆಂದರೆ ಇದೇ.

ಗುಮಾನಿಯ ನೆಲ

ಈ ಆಟವನ್ನು ಹಾಗೆಯೇ ತಂದು ಚನ್ನರಾಯಪಟ್ಟಣದ ಸೀಮೆಯಲ್ಲಿ ಆಡಬಹುದೆ? ಇಲ್ಲಿ ಸ್ವಲ್ಪ ನಿಲ್ಲಬೇಕಾಗುತ್ತದೆ. ಹಳ್ಳಿಯ ಹೊರಗಿನ ಪಾಳುಗುಡಿಯ ಬಳಿ, ಅಪರಿಚಿತನೊಬ್ಬ ಮೊಬೈಲು ಹಿಡಿದು ಕಲ್ಲುಗಳ ಸಂದಿಯಲ್ಲಿ ಇಣುಕುತ್ತಿದ್ದಾನೆ ಎನ್ನೋಣ. ಐದು ನಿಮಿಷದೊಳಗೆ ದನ ಕಾಯುವವರೊಬ್ಬರು ಬಂದು ನಿಲ್ಲುತ್ತಾರೆ. “ಏನ್ ಸ್ವಾಮಿ, ಏನ್ ಹುಡುಕ್ತಾ ಇದೀರಿ? ಯಾವೂರು ತಮ್ದು?” ಮಾತು ಮೃದು, ಆದರೆ ಪ್ರಶ್ನೆ ಮೃದುವಲ್ಲ. ಅವರ ಮನಸ್ಸಿನಲ್ಲಿರುವ ಪದ ಒಂದೇ: ನಿಧಿಗಳ್ಳ.

ಆ ಗುಮಾನಿ ನ್ಯಾಯವಾದದ್ದು. ಏಳು ಕೊಪ್ಪರಿಗೆ ಹೊನ್ನಿನ ಆಸೆಗೆ ಕನ್ನಡನಾಡಿನಲ್ಲಿ ಎಷ್ಟು ಗುಡಿಗಳ ಪೀಠ ಕಿತ್ತುಹೋಗಿದೆಯೋ, ಎಷ್ಟು ವೀರಗಲ್ಲುಗಳು ಮಗುಚಿ ಬಿದ್ದಿವೆಯೋ ಲೆಕ್ಕವಿಲ್ಲ. ಶಾಸನದ ತಲೆಯ ಮೇಲೆ ಸೂರ್ಯಚಂದ್ರರನ್ನು ಕೆತ್ತಿದ್ದು, ಅವರಿರುವವರೆಗೆ ಈ ದಾನ ನಡೆಯಲಿ ಎಂಬ ಅರ್ಥದಲ್ಲಿ. ನಿಧಿಯ ಹುಚ್ಚು ಹಿಡಿದವನ ಕಣ್ಣಿಗೆ ಅದೇ ಹೊನ್ನಿನ ಗುರುತಾಗಿ ತೋರುತ್ತದೆ. ಅವನು ಕತ್ತಲಲ್ಲಿ ಹಾರೆ ಹಿಡಿದು ಬರುತ್ತಾನೆ. ಬೆಳಗಾಗುವಷ್ಟರಲ್ಲಿ ಕಲ್ಲು ಎರಡು ಹೋಳು. ಈ ಧರ್ಮವನ್ನು ಕೆಡಿಸಿದವನಿಗೆ ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪ ಬರುವುದೆಂಬ ಶಾಪವನ್ನು ಎಷ್ಟೋ ಶಾಸನಗಳು ತಮ್ಮ ಕೊನೆಯಲ್ಲಿ ಹೊತ್ತಿವೆ. ಓದಬಲ್ಲವನಿಗೆ ತಾನೆ ಶಾಪದ ಭಯ? ಓದು ಬಾರದವನ ಕೈಯಲ್ಲಿ ಹಾರೆಯಿದ್ದರೆ ಶಾಪ ಮಾಡುವುದೇನು?

ಆದಕಾರಣ ಇಂಥ ಕಲ್ಲಿನ ಅಡಿಯಲ್ಲಿ ಡಬ್ಬಿ ಬಚ್ಚಿಡುವುದು ಆಟವಲ್ಲ, ಅಪಚಾರ. ಹವ್ಯಾಸದ ಕಟ್ಟಳೆಗಳೂ ಇದನ್ನೇ ಹೇಳುತ್ತವೆ. ಮೊದಲ ಬಕೀಟು ಅರ್ಧ ಹೂತದ್ದೇ ಆದರೂ, ಇಂದು ನೆಲವನ್ನು ಅಗೆದು ಡಬ್ಬಿ ಇಡಬಾರದು. ಜಾಗದ ಒಡೆಯನ ಒಪ್ಪಿಗೆ ಬೇಕು. ಯಾವ ವಸ್ತುವಿಗೂ ಊನವಾಗಬಾರದು. ಡಬ್ಬಿಯೇ ಇಲ್ಲದ ಒಂದು ಬಗೆಯೂ ಉಂಟು. ಹೇಳಿದ ಸ್ಥಳಕ್ಕೆ ಹೋಗಿ, ಕಣ್ಣಿಟ್ಟು ನೋಡಿ, ಅಲ್ಲಿ ನಿಂತವನು ಮಾತ್ರ ಉತ್ತರಿಸಬಲ್ಲ ಪ್ರಶ್ನೆಗೆ ಉತ್ತರಿಸಿದರೆ ಸಾಕು. ಚನ್ನರಾಯಪಟ್ಟಣದ ಸೀಮೆಗೆ ಒಪ್ಪುವುದು ಈ ಬಗೆ. ಏಕೆಂದರೆ ಇಲ್ಲಿ ಬಚ್ಚಿಡಬೇಕಾದ್ದು ಏನೂ ಇಲ್ಲ. ಬಯಲಿನಲ್ಲಿ ನಿಂತಿದ್ದರೂ ಯಾರೂ ಕಾಣದ ವಸ್ತುಗಳೇ ಬೇಕಾದಷ್ಟಿವೆ.

ಬಂಡೆಯ ಮೇಲಿನ ಸಹಿಗಳು

ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು ನೋಡಬೇಕು. ದೊಡ್ಡಬೆಟ್ಟದ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಹತ್ತಿ, ಹತ್ತನೆಯ ಶತಮಾನದ ಐವತ್ತೆಂಟು ಅಡಿಯ ಗೊಮ್ಮಟನನ್ನು ಕಂಡು ಧನ್ಯರಾದವರಲ್ಲಿ ಅನೇಕರು ಎದುರಿನ ಚಿಕ್ಕಬೆಟ್ಟವನ್ನು ಏರದೆಯೇ ಊರಿಗೆ ಮರಳುತ್ತಾರೆ. ಆ ಬೆಟ್ಟದ ಬಂಡೆಯೇ ಒಂದು ದೊಡ್ಡ ಪುಸ್ತಕ. ಸುಮಾರು ಕ್ರಿ.ಶ. ೬೦೦ರ ಶಾಸನದಿಂದ ಮೊದಲಾಗಿ, ಸಲ್ಲೇಖನದಿಂದ ದೇಹ ತೊರೆದ ಮುನಿಗಳ ಹೆಸರುಗಳು, ಯಾತ್ರಿಕರ ಹೆಸರುಗಳು ಅಲ್ಲಿ ಹರಡಿವೆ. ‘ಕವಿರತ್ನ’ ಎಂಬ ಅಕ್ಷರಗಳು ಅಲ್ಲಿನ ಬಂಡೆಯ ಮೇಲಿವೆ. ಅದು ಮಹಾಕವಿ ರನ್ನನದೆಂದು ವಿದ್ವಾಂಸರ ಮತ. ಉತ್ತರದೇಶದಿಂದ ಬಂದ ಯಾತ್ರಿಕರು ನಾಗರಿಯಲ್ಲಿಯೂ ವರ್ತಕರ ಮಹಾಜನಿ ಲಿಪಿಯಲ್ಲಿಯೂ ತಾವು ಬಂದುದನ್ನು ಈ ಕ್ಷೇತ್ರದ ಬಂಡೆಗಳ ಮೇಲೆ ಬರೆಯಿಸಿಹೋಗಿದ್ದಾರೆ. ‘ನಾನೂ ಕಂಡೆ’ ಎಂಬ ಸಾಲು ಇಲ್ಲಿ ಸಾವಿರ ವರ್ಷಗಳಿಂದ ಬರೆಯಲ್ಪಡುತ್ತ ಬಂದಿತು. ಇಂದು ಬರೆಯಲಾಗದು, ಬರೆಯಲೂ ಬಾರದು, ಓದಬಹುದು.

ಓದುವುದಕ್ಕೂ ಹುಡುಕಬೇಕು. ಬಿ. ಎಲ್. ರೈಸರು ೧೮೮೯ರಲ್ಲಿ ಬೆಳಗೊಳದ ಶಾಸನಗಳನ್ನು ಅಚ್ಚುಮಾಡಿಸಿದಾಗ ಅವುಗಳ ಸಂಖ್ಯೆ ೧೪೪. ಆರ್. ನರಸಿಂಹಾಚಾರ್ಯರು ೧೯೨೩ರಲ್ಲಿ ಪರಿಷ್ಕರಿಸಿ ಹೊರತಂದಾಗ ಅದು ೫೦೦. ಮೈಸೂರು ವಿಶ್ವವಿದ್ಯಾನಿಲಯದ ೧೯೭೩ರ ಆವೃತ್ತಿಯಲ್ಲಿ ೫೭೩. ಈ ನಡುವೆ ಬೆಟ್ಟ ಬೆಳೆಯಲಿಲ್ಲ. ಬಂಡೆ ಅದೇ, ಬಿಸಿಲು ಅದೇ. ಬೆಳೆದದ್ದು ನೋಡುವವರ ತಾಳ್ಮೆ. ಚನ್ನರಾಯಪಟ್ಟಣದಿಂದ ಬೇರೊಂದು ದಿಕ್ಕಿಗೆ ಹೊರಟರೆ ನುಗ್ಗೇಹಳ್ಳಿ ಸಿಗುತ್ತದೆ. ಅಲ್ಲಿ ೧೨೪೬ರ ಲಕ್ಷ್ಮೀನರಸಿಂಹ ದೇವಾಲಯದ ಹೊರಗೋಡೆಯ ಶಿಲ್ಪಗಳ ಕೆಳಗೆ ಮಲ್ಲಿತಮ್ಮ, ಬೈಚೋಜ ಎಂಬ ರೂವಾರಿಗಳ ಹೆಸರುಗಳುಂಟು. ದೇವರನ್ನು ನೋಡಲು ಹೋದವರ ಕಣ್ಣು ವಿಗ್ರಹದ ಪಾದಕ್ಕಿಂತ ಕೆಳಗೆ ಇಳಿಯದಿದ್ದರೆ ಆ ಸಹಿ ಕಾಣದು.

ರೈಸರು ೧೯೦೨ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನಸಂಪುಟದಲ್ಲಿ ಈ ತಾಲ್ಲೂಕಿನ ಹಳ್ಳಿಹಳ್ಳಿಯ ಕಲ್ಲುಗಳ ಪಟ್ಟಿಯಿದೆ. ಇಂಥ ಊರಿನ ಕೆರೆಯ ತೂಬಿನ ಬಳಿ, ಇಂಥ ಗುಡಿಯ ಬಾಗಿಲ ಎಡಗಡೆ ಎಂಬಂತೆ ಸ್ಥಳದ ಗುರುತನ್ನೂ ಸಂಪುಟ ಕೊಡುತ್ತದೆ. ಉಪಗ್ರಹವಿಲ್ಲದ ಕಾಲದ ಜಾಡು ಅದು. ಆ ಕಲ್ಲುಗಳು ಇಂದು ಅಲ್ಲಿಯೇ ಇವೆಯೆ? ಹೋಗಿ ನೋಡಿದವನೇ ಹೇಳಬೇಕು.

ಬೆಂಗಳೂರಿನಲ್ಲಿ ಹಾಗೆ ಹೋಗಿ ನೋಡಿದವರುಂಟು. ವೃತ್ತಿಯಿಂದ ಇಂಜಿನಿಯರಾದ ಪಿ. ಎಲ್. ಉದಯಕುಮಾರರೂ ಅವರ ಗೆಳೆಯರೂ ರೈಸರ ೧೯೦೫ರ ಬೆಂಗಳೂರು ಸಂಪುಟವನ್ನು ಕೈಪಿಡಿ ಮಾಡಿಕೊಂಡು ಊರೂರು ತಿರುಗಿದರು. ಸಿಕ್ಕ ಕಲ್ಲುಗಳ ನೆಲೆಯನ್ನು ನಕ್ಷೆಯಲ್ಲಿ ಗುರುತಿಸಿದರು. ಎಷ್ಟೋ ಕಲ್ಲುಗಳು ಮನೆಗಳ ಅಡಿಪಾಯಕ್ಕೂ ರಸ್ತೆಗೂ ಸೇರಿಹೋಗಿದ್ದವು. ೨೦೧೮ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ, ಸುಮಾರು ಕ್ರಿ.ಶ. ೭೫೦ರ ಕಿತ್ತಯ್ಯನ ವೀರಗಲ್ಲು ಇಂಥವರ ಎಚ್ಚರದಿಂದ ಉಳಿಯಿತು. ೨೦೨೧ರಿಂದ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಶಾಸನಗಳ ಅಕ್ಷರ ಅಕ್ಷರವನ್ನೂ ಯಂತ್ರದಿಂದ ಅಳೆದು ಪ್ರತಿರೂಪ ತೆಗೆಯುವ ಕಾರ್ಯ ಆರಂಭವಾಯಿತು. ಈ ಕೆಲಸಕ್ಕೆ ಜನ ಸೇರಿಕೊಳ್ಳುವ ಬಾಗಿಲುಗಳೂ ಡಬ್ಬಿಯ ಆಟದ ಬಾಗಿಲುಗಳೇ: ಗೆಳೆಯ ಕರೆದೊಯ್ದ, ಮಗು ಕೇಳಿತು, ಕಾಲಿಗೆ ಕಲ್ಲು ಎಡವಿತು. ವ್ಯತ್ಯಾಸ ಒಂದೇ. ಡಬ್ಬಿ ಕಳೆದುಹೋದರೆ ಇನ್ನೊಂದು ಡಬ್ಬಿ ಇಡಬಹುದು. ಕಲ್ಲು ಒಡೆದುಹೋದರೆ ಹನ್ನೆರಡನೆಯ ಶತಮಾನವನ್ನು ಮತ್ತೆ ಕರೆತಂದು ಕೆತ್ತಿಸಲಾಗದು.

ಈ ಸೀಮೆಯಲ್ಲಿ ಮೊದಲ ದಿನ ಹುಡುಕಲು ಹೊರಡುವ ಕುಟುಂಬ ಕೆಲವು ಮಾತುಗಳನ್ನು ನೆನಪಿಡಬೇಕು. ಹಳ್ಳಿ ಸೇರಿದೊಡನೆ ಕಲ್ಲಿನ ಬಳಿಗೆ ಹೋಗದೆ, ಅರಳಿಕಟ್ಟೆಯ ಬಳಿಯ ಹಿರಿಯರಲ್ಲಿಗೆ ಹೋಗಿ ಊರು, ಹೆಸರು, ಬಂದ ಕಾರಣ ಹೇಳಬೇಕು. ಹಾರೆಯಿರಲಿ, ಚಾಕುವನ್ನೂ ಒಯ್ಯಬಾರದು. ಅಕ್ಷರ ಎದ್ದು ಕಾಣಲೆಂದು ಸುಣ್ಣ, ಎಣ್ಣೆ ಬಳಿಯಬಾರದು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿಗೆ ಕಾದರೆ ಅಕ್ಷರಗಳು ತಾವಾಗಿಯೇ ಏಳುತ್ತವೆ. ಚಿತ್ರ ತೆಗೆದು, ನೆಲೆಯನ್ನು ಗುರುತುಮಾಡಿಕೊಂಡು, ಕಲ್ಲಿಗೆ ಅಪಾಯವಿದ್ದರೆ ಪುರಾತತ್ವ ಇಲಾಖೆಗೆ ತಿಳಿಸಬೇಕು.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಕಲ್ಲಿನಲ್ಲಿ ಏನು ಬರೆದಿದೆ ಎಂಬುದನ್ನು ಸಂಪುಟದಿಂದ ಓದಿ ಊರವರಿಗೆ ಹೇಳಿಬರಬೇಕು. ‘ಇದರಡಿ ಹೊನ್ನಿಲ್ಲ ಸ್ವಾಮಿ, ನಿಮ್ಮ ಊರಿನ ದನಗಳನ್ನು ಬಿಡಿಸಲು ಹೋರಾಡಿ ಸತ್ತವನ ಹೆಸರಿದೆ’ ಎಂದು ತಿಳಿದ ಮೇಲೆ, ಬಟ್ಟೆ ಒಗೆಯುತ್ತಿದ್ದ ಕಲ್ಲು ಬಟ್ಟೆ ಒಗೆಯುವ ಕಲ್ಲಾಗಿ ಉಳಿಯುವುದಿಲ್ಲ. ಕತ್ತಲಲ್ಲಿ ಹಾರೆ ಹಿಡಿದು ಬಂದವನನ್ನು ತಡೆಯಲು ಆ ಊರಿಗೆ ಕಾರಣವೊಂದು ದೊರೆಯುತ್ತದೆ. ದನ ಕಾಯುತ್ತಿದ್ದ ಅದೇ ಮನುಷ್ಯರು ಮುಂದಿನ ಸಲ “ಯಾವೂರು ತಮ್ದು?” ಎಂದು ಕೇಳಿ ಸುಮ್ಮನಾಗದೆ, “ಬನ್ನಿ ಸ್ವಾಮಿ, ಆ ಹೊಲದ ಬದುವಿನ ಮೇಲೆ ಇನ್ನೊಂದು ಕಲ್ಲೈತೆ, ಅದನ್ನೂ ನೋಡಿ” ಎಂದು ಮುಂದೆ ನಡೆಯುತ್ತಾರೆ. ಅಲ್ಲಿಗೆ ಹವ್ಯಾಸದ ಪರಿಚಯ ಇನ್ನೊಬ್ಬರಿಗೂ ಆಯಿತೆಂದೇ ತಿಳಿಯಬೇಕು.