ಅಪ್ಪನ ಎಲುಬು ಮತ್ತು ನಾನು ತಂದ ಗುಳಿಗೆ

ಗೋವಿನಜೋಳದ ಚೀಲ ಸರಿಸಲು ಬಗ್ಗಿದ ಅಪ್ಪ ಹಾಗೇ ಕುಳಿತುಬಿಟ್ಟ. ಬಿದ್ದಿರಲಿಲ್ಲ, ಪೆಟ್ಟೂ ಆಗಿರಲಿಲ್ಲ. ಹಾನಗಲ್ಲಿನಲ್ಲಿ ಎಕ್ಸ್‌ರೇ ತೆಗೆಸಿದರೆ ಬೆನ್ನೆಲುಬಿನ ಒಂದು ಮಣಿ ಕುಸಿದಿತ್ತು. ಹುಬ್ಬಳ್ಳಿಯಲ್ಲಿ ಎಲುಬಿನ ಸಾಂದ್ರತೆ ಅಳೆಸಿದಾಗ ಟಿ-ಸ್ಕೋರ್ ಮೈನಸ್ 3.1. ಮೈನಸ್ 2.5 ಅಥವಾ ಅದಕ್ಕೂ ಕೆಳಗಿಳಿದರೆ ಆಸ್ಟಿಯೊಪೊರೋಸಿಸ್, ಅಂದರೆ ಎಲುಬು ಟೊಳ್ಳಾಗುವ ರೋಗ.

‘ಅದು ಹೆಣ್ಮಕ್ಕಳ ರೋಗ ಅಲ್ಲೇನೋ?’ ಅಂದ ಅಪ್ಪ.

ಹೆಚ್ಚಾಗಿ ಹೌದು. ಆದರೆ ದಮ್ಮಿಗೆಂದು ವರ್ಷಗಟ್ಟಲೆ ನುಂಗಿದ ಸ್ಟೀರಾಯ್ಡ್ ಗುಳಿಗೆ ಗಂಡು ಹೆಣ್ಣು ಎಂದು ನೋಡುವುದಿಲ್ಲ. ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ಅದನ್ನು ತಂದುಕೊಡುತ್ತಿದ್ದವನು ನಾನೇ.

ಮನೆಯಲ್ಲಿ ಪಂಚಾಯ್ತಿ ಕೂಡಿತು. ವಾರಕ್ಕೊಂದು ಅಲೆಂಡ್ರೊನೇಟ್ ಗುಳಿಗೆ ಅಗ್ಗ, ಅದೇ ಸಾಕೆಂದಳು ಹಿರೇಕೆರೂರಿನ ಅಕ್ಕ. ಆದರೆ ಅದನ್ನು ಖಾಲಿ ಹೊಟ್ಟೆಯಲ್ಲಿ ನುಂಗಿ ಅರ್ಧ ಗಂಟೆ ಮಲಗಬಾರದು. ಅಪ್ಪನಿಗೆ ಮೊದಲೇ ಎದೆಯುರಿ. ದಿನಾ ಚುಚ್ಚುವ ಟೆರಿಪ್ಯಾರಟೈಡ್ ಹೊಸ ಎಲುಬು ಕಟ್ಟುತ್ತದೆಂದು ಶಿಗ್ಗಾವಿಯ ಕಾಕಾ ಹಟ ಹಿಡಿದರು. ಅವರ ಮಾತಿನಲ್ಲೂ ಹುರುಳಿತ್ತು. ಸ್ಟೀರಾಯ್ಡ್‌ನಿಂದ ಎಲುಬು ಸವೆದ ಗಂಡಸರು, ಹೆಂಗಸರಲ್ಲಿ ಈ ಎರಡನ್ನೂ ಹೋಲಿಸಿದ 2007ರ ಅಧ್ಯಯನದಲ್ಲಿ, ಗುಳಿಗೆ ತಿಂದ ನೂರರಲ್ಲಿ ಆರು ಜನರಿಗೆ ಬೆನ್ನುಮಣಿ ಮುರಿದಿತ್ತು. ಚುಚ್ಚುಮದ್ದಿನವರಲ್ಲಿ ಒಬ್ಬರಿಗೂ ಕಡಿಮೆ. ಆದರೆ ಅದು ತುಟ್ಟಿ, ಫ್ರಿಜ್ಜಿನಲ್ಲೇ ಇಡಬೇಕು, ಎರಡು ವರ್ಷದ ನಂತರ ಬೇರೆ ಮದ್ದು ಹಿಡಿಯಲೇಬೇಕು. ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ತಪ್ಪಿದರೆ ಮಣಿಗಳು ಮತ್ತೆ ಮುರಿಯುವ ಭಯ. ಬಿತ್ತನೆ, ಸುಗ್ಗಿಯ ಗಡಿಬಿಡಿಯಲ್ಲಿ ತಾರೀಖು ನೆನಪಿಡುವವರು ಯಾರು?

ಕೊನೆಗೆ ಉಳಿದದ್ದು ವರ್ಷಕ್ಕೊಮ್ಮೆ ನರಕ್ಕೆ ಏರಿಸುವ ಜೊಲೆಡ್ರೊನಿಕ್ ಆಮ್ಲ. ಗಂಡಸರ ಮೇಲೆಯೇ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 1,199 ಮಂದಿಯಿದ್ದರು. ಎರಡು ವರ್ಷದಲ್ಲಿ ಹುಸಿಮದ್ದಿನವರಲ್ಲಿ ಶೇ 4.9, ಇದನ್ನು ಪಡೆದವರಲ್ಲಿ ಶೇ 1.6 ಜನರಿಗೆ ಹೊಸದಾಗಿ ಮಣಿ ಮುರಿದಿತ್ತು. ಅಪ್ಪನ ಮೂತ್ರಪಿಂಡ, ಹಲ್ಲು, ಡಿ ಜೀವಸತ್ವ ಪರೀಕ್ಷಿಸಿದ ಮೇಲೆಯೇ ವೈದ್ಯರು ಬಾಟಲಿ ಏರಿಸಿದರು. ಎರಡು ದಿನ ಜ್ವರ, ಮೈಕೈನೋವು, ಆಮೇಲೆ ಇಳಿಯಿತು.

ಸವಣೂರಿನ ಮಾವನ ಸಮಾಧಾನವೇ ಬೇರೆ: ‘2023ರಾಗ ನಮ್ಮ ದೊಡ್ಡಹುಣಸಿ ಮರ ಬಿದ್ದಿದ್ದನ್ನ ಎತ್ತಿ ನಿಲ್ಲಿಸಲಿಲ್ಲೇನು?’ ಅಪ್ಪ ನಕ್ಕ.

ನಾವು ಆರಿಸಿದ್ದು ಎಲ್ಲಕ್ಕಿಂತ ದೊಡ್ಡ ಮದ್ದೋ ಅಲ್ಲವೋ, ತಪ್ಪದೆ ನಡೆಸಿಕೊಂಡು ಹೋಗಬಹುದಾದ ಮದ್ದು. ಸ್ಟೀರಾಯ್ಡನ್ನು ಒಮ್ಮೆಲೇ ಬಿಡಬಾರದಂತೆ; ವೈದ್ಯರು ಹೇಳಿದ ಲೆಕ್ಕದಲ್ಲಿ ಇಳಿಸುತ್ತ ಬಂದು, ದಮ್ಮಿಗೆ ಇನ್‌ಹೇಲರ್ ಹಿಡಿದಿದ್ದಾನೆ. ನಾನಂತೂ ಈಗ ಹೆಸರು ಓದದೆ ಯಾವ ಗುಳಿಗೆಯನ್ನೂ ಜೇಬಿಗೆ ಹಾಕುವುದಿಲ್ಲ.